ವರ್ಷ ತುಂಬಿದ ಮಗುವಿಗೆ ಯಾವ ಗಾಡಿ: ಬ್ಯಾಟರಿ ಕಾರೋ, ಕಾಲಲ್ಲಿ ಒದ್ದು ಹೋಗುವುದೋ?

ಜೇವರ್ಗಿ ರಸ್ತೆಯ ತಾಯಿ, ಕಲಬುರಗಿ

ಎಲ್ಲರಿಗೂ ಶರಣು. ನನ್ನ ಮಗನಿಗೆ 13 ತಿಂಗಳು ತುಂಬಿದೆ. ಗೋಡೆಯನ್ನೋ ದಿವಾನವನ್ನೋ ಹಿಡಿದು ಮನೆಯನ್ನೆಲ್ಲ ಸುತ್ತುತ್ತಾನೆ. ಕೈ ಬಿಟ್ಟರೆ ಎರಡು ಹೆಜ್ಜೆ ಇಟ್ಟು ಕುಸಿದು ಕೂರುತ್ತಾನೆ. ಈ ಸಲ ಊರಿಗೆ ಬರುವಾಗ ಬ್ಯಾಟರಿಯಿಂದ ಓಡುವ ದೊಡ್ಡ ಕಾರನ್ನೇ ತರುತ್ತೇನೆಂದು ಅವನ ಸೋದರಮಾವ ಹಟ ಹಿಡಿದಿದ್ದಾನೆ. ಅದರಲ್ಲಿ ಹಾಡು, ದೀಪ, ದೊಡ್ಡವರ ಕೈಗೆ ರಿಮೋಟ್ ಎಲ್ಲವೂ ಇವೆಯಂತೆ. ಅಷ್ಟು ದುಡ್ಡು ಯಾಕೆ ಸುರಿಯಬೇಕು, ಶರಣಬಸವೇಶ್ವರರ ಜಾತ್ರೆಯಲ್ಲಿ ಸಿಗುವ ಮರದ ಮೂರು ಗಾಲಿಯ ಗಾಡಿ ಸಾಕು, ನಿನ್ನ ಗಂಡ ಅದನ್ನೇ ನೂಕುತ್ತ ನಡೆಯಲು ಕಲಿತ ಎನ್ನುವುದು ನಮ್ಮ ಅತ್ತೆಯವರ ಮಾತು. ಪಕ್ಕದ ಮನೆಯವರು ತಮ್ಮ ಮಗು ಬಳಸಿ ಬಿಟ್ಟ ವಾಕರನ್ನು ಕೊಡಲು ಸಿದ್ಧರಿದ್ದಾರೆ. ನಾನು ಅಂಗಡಿಯಲ್ಲಿ ನೋಡಿ ಇಷ್ಟಪಟ್ಟದ್ದು ನಾಲ್ಕನೆಯ ಬಗೆಯದು: ಬ್ಯಾಟರಿಯೂ ಪೆಡಲೂ ಇಲ್ಲದ, ಮಗು ಕುದುರೆಯ ಮೇಲೆ ಕೂತಂತೆ ಎರಡು ಕಡೆ ಕಾಲು ಇಳಿಬಿಟ್ಟು ನೆಲವನ್ನು ಒದೆಯುತ್ತ ಹೋಗುವ ತಗ್ಗಿನ ಗಾಡಿ.

ಇವುಗಳಲ್ಲಿ ಯಾವುದು ಮಗುವಿನ ಬೆಳವಣಿಗೆಗೆ ನೆರವಾಗುತ್ತದೆ, ಯಾವುದು ದೊಡ್ಡವರಾದ ನಮ್ಮ ಸಂಭ್ರಮಕ್ಕಷ್ಟೇ ಎಂಬುದನ್ನು ಬಲ್ಲವರು ತಿಳಿಸಬೇಕು. ನಮ್ಮ ಮನೆಯ ನೆಲ ಪಾಲಿಶ್ ಮಾಡಿದ ಶಹಾಬಾದ್ ಫರಸಿಯದು, ಬಾಗಿಲ ಮುಂದೆ ಮೂರು ಮೆಟ್ಟಿಲುಗಳಿವೆ ಎಂಬುದನ್ನೂ ಗಮನಕ್ಕೆ ತರುತ್ತೇನೆ.

ಮಕ್ಕಳ ಫಿಸಿಯೋಥೆರಪಿಸ್ಟ್, ಕಲಬುರಗಿ

ತಂಗಿ, ನೀವು ಹೇಳಿದ ನಾಲ್ಕನ್ನೂ ನಾವು ಗಾಡಿ ಎಂಬ ಒಂದೇ ಮಾತಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ. ಮಗುವನ್ನು ಪರೀಕ್ಷೆಗೆ ಕರೆತಂದ ತಂದೆತಾಯಿ ಇದೇ ಪ್ರಶ್ನೆ ಕೇಳಿದಾಗ ನಾನು ತಿರುಗಿ ಕೇಳುವುದು ಒಂದೇ: ಗಾಡಿ ಮುಂದೆ ಹೋಯಿತಲ್ಲ, ದುಡಿದವರು ಯಾರು?

ಕಾಲಲ್ಲಿ ಒದ್ದು ಹೋಗುವ ಗಾಡಿಯಲ್ಲಿ ದುಡಿಯುವುದು ಪೂರ್ತಿ ಮಗುವೇ. ಒರಗಲು ಹೆಚ್ಚೇನೂ ಇಲ್ಲದ ಸೀಟಿನಲ್ಲಿ ನೆಟ್ಟಗೆ ಕೂರುವುದಕ್ಕೇ ಹೊಟ್ಟೆಯ ಮತ್ತು ಬೆನ್ನಿನ ಸ್ನಾಯುಗಳು ಬಿಗಿಯಾಗಬೇಕು. ಒಂದು ಕಾಲನ್ನು ಎತ್ತಿ ಮುಂದಿಡಬೇಕಾದರೆ ಮೈಯ ಭಾರವನ್ನು ಇನ್ನೊಂದು ಕಡೆಗೆ ಸರಿಸಬೇಕು. ನಡಿಗೆಗೂ ಬೇಕಾದದ್ದು ಈ ಭಾರ ಸರಿಸುವ ಕಲೆಯೇ, ಆದರೆ ಇಲ್ಲಿ ಸೀಟಿನ ಆಸರೆ ಇರುವುದರಿಂದ ಮಗುವಿಗೆ ಬೀಳುವ ಭಯ ಕಡಿಮೆ. ಹ್ಯಾಂಡಲ್ ಹಿಡಿದ ಕೈಗಳು ಮತ್ತು ಹೆಗಲು ಮೇಲಿನ ಮೈಯನ್ನು ಕದಲದಂತೆ ಹಿಡಿದರೆ ಮಾತ್ರ ಕೆಳಗಿನ ಕಾಲುಗಳು ಸರಾಗವಾಗಿ ಆಡುತ್ತವೆ. ಇದೆಲ್ಲ ನಡೆಯುತ್ತಿರುವಾಗ ಒಳಕಿವಿಯ ಮೂರು ಅರ್ಧವೃತ್ತದ ನಾಳಗಳು ತಲೆ ತಿರುಗಿದ್ದನ್ನು, ಅವುಗಳ ಪಕ್ಕದಲ್ಲೇ ಇರುವ ಚೀಲದಂಥ ಅಂಗಗಳು ವೇಗ ಏರಿಳಿದದ್ದನ್ನು, ಪಾದ ಮತ್ತು ಮೊಣಕಾಲಿನ ಕೀಲುಗಳು ನೆಲ ಎಷ್ಟು ಗಟ್ಟಿಯಾಗಿ ತಮ್ಮನ್ನು ಒತ್ತಿತು ಎಂಬುದನ್ನು ಮಿದುಳಿಗೆ ತಿಳಿಸುತ್ತಿರುತ್ತವೆ, ಕಣ್ಣು ಎದುರಿನ ಗೋಡೆ ಹತ್ತಿರವಾಗುತ್ತಿರುವುದನ್ನು ಕಾಣುತ್ತಿರುತ್ತದೆ. ಈ ನಾಲ್ಕು ಸುದ್ದಿಗಳು ಪರಸ್ಪರ ತಾಳೆಯಾಗುವುದನ್ನು ಮಗು ದಿನಕ್ಕೆ ಹತ್ತಾರು ಸಲ ಅನುಭವಿಸುವುದೇ ಸಮತೋಲನದ ಪಾಠ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎಷ್ಟೋ ತಾಯಂದಿರು ಇದರಿಂದ ಗಾಬರಿಯಾಗಿ ಬರುತ್ತಾರೆ. ಮೊದಮೊದಲು ಬಹಳಷ್ಟು ಮಕ್ಕಳು ಹಿಂದಕ್ಕೇ ಹೋಗುತ್ತಾರೆ. ಮಡಚಿದ ಮೊಣಕಾಲನ್ನು ನೀಡಿ ನೆಲವನ್ನು ತಳ್ಳುವುದು ಸುಲಭ, ಹಾಗೆ ತಳ್ಳಿದರೆ ಗಾಡಿ ಹಿಂದೆ ಸರಿಯುತ್ತದೆ. ಹಿಮ್ಮಡಿಯನ್ನು ಮುಂದೆ ಊರಿ ಮೈಯನ್ನು ಅದರತ್ತ ಎಳೆದುಕೊಳ್ಳುವುದು ಕಷ್ಟ, ಆದ್ದರಿಂದ ಅದು ತಡವಾಗಿ ಬರುತ್ತದೆ. ಅನಂತರ ಎರಡೂ ಕಾಲುಗಳನ್ನು ಕಪ್ಪೆಯಂತೆ ಒಟ್ಟಿಗೆ ಒದೆಯುವ ಘಟ್ಟ, ಕೊನೆಗೆ ಎಡ, ಬಲ, ಎಡ, ಬಲ ಎಂಬ ಲಯ. ಕಾಲು ಒದೆಯುತ್ತಿರುವಾಗಲೇ ಕೈಯಿಂದ ದಿಕ್ಕು ಬದಲಿಸುವುದು ಎರಡು ವರ್ಷದ ಸುತ್ತಮುತ್ತ ಕೂಡಿಬರುತ್ತದೆ. ಪೆಡಲ್ ತುಳಿಯುವ ಮೂರು ಗಾಲಿಯ ಸೈಕಲ್ ಸುಮಾರು ಮೂರು ವರ್ಷದ ಮಕ್ಕಳ ಕೆಲಸ. ಮಕ್ಕಳ ವೈದ್ಯರು ಮೂರು ವರ್ಷಕ್ಕೆ ಮೂರು ಗಾಲಿ ಎಂದು ನೆನಪಿಟ್ಟುಕೊಳ್ಳುವುದು ಇದಕ್ಕೇ.

ಗಾಡಿ ಮಂಚದ ಕಾಲಿಗೆ ಸಿಕ್ಕಿಕೊಂಡಾಗ ನಡೆಯುವುದನ್ನು ನೋಡಿ. ಮಗು ಎರಡು ಸಲ ಅದೇ ದಿಕ್ಕಿಗೆ ಗುದ್ದುತ್ತದೆ, ಅಳುವ ಮುಖ ಮಾಡುತ್ತದೆ, ಆಮೇಲೆ ಇಳಿದು ಗಾಡಿಯ ಮೂತಿಯನ್ನು ಎತ್ತಿ ಬೇರೆ ಕಡೆ ಇಡುತ್ತದೆ, ಮತ್ತೆ ಹತ್ತುತ್ತದೆ. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಸೀಟಿನಾಚೆ ದಾಟಿಸುವ ಆ ಹತ್ತುವ ಇಳಿಯುವ ಕೆಲಸದಲ್ಲಿ ಸವಾರಿಗಿಂತ ಹೆಚ್ಚು ವ್ಯಾಯಾಮವಿದೆ ಎಂದೇ ನನ್ನ ಅನಿಸಿಕೆ. ಆ ಎರಡು ನಿಮಿಷ ಮನೆಯ ದೊಡ್ಡವರು ಓಡಿಬಂದು ಗಾಡಿ ಬಿಡಿಸದೆ ಸುಮ್ಮನೆ ಕೂರಬೇಕು. ನಮ್ಮ ಮನೆಗಳಲ್ಲಿ, ಅದರಲ್ಲೂ ಅಜ್ಜಿಯಂದಿರಿಗೆ, ಅದು ಆಗದ ಮಾತು.

ಈ ಗಾಡಿ ಕೊಡಿಸಿದರೆ ಮಗು ಬೇಗ ನಡೆಯುತ್ತದೆ ಎಂದು ಮಾತ್ರ ನಾನು ಹೇಳಲಾರೆ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳವರೆಗಿನ ಯಾವ ಹೊತ್ತಿನಲ್ಲಾದರೂ ಆಗಬಹುದು. ನಿಮ್ಮ ಮಗ ಆ ಅವಧಿಯ ನಡುವೆಯೇ ಇದ್ದಾನೆ, ಅವಸರ ಬೇಡ.

ಪಕ್ಕದ ಮನೆಯವರ ವಾಕರನ್ನು ನಯವಾಗಿ ಬೇಡವೆನ್ನಿ. ಸುತ್ತು ಬಳೆಯ ನಡುವೆ ಮಗುವನ್ನು ತೂಗುಬಿಡುವ ಆ ಸಾಧನದಲ್ಲಿ ಅದು ಬೆರಳ ತುದಿಯಲ್ಲಿ ನೆಲ ಒದೆಯುತ್ತದೆ, ತನ್ನ ಪಾದ ತನಗೇ ಕಾಣುವುದಿಲ್ಲ, ಭಾರ ಸರಿಸುವ ಅಗತ್ಯವೇ ಬೀಳುವುದಿಲ್ಲ. ಅದು ನಡಿಗೆಯನ್ನು ಕಲಿಸುವುದಿಲ್ಲ. ಆದರೆ ಮಗುವಿನ ಬುದ್ಧಿಗೆ ಮೀರಿದ ವೇಗವನ್ನು ಕೊಡುತ್ತದೆ, ಮೆಟ್ಟಿಲಿದ್ದ ಮನೆಯಲ್ಲಿ ಅದರ ಪರಿಣಾಮ ತಲೆಗೆ ಪೆಟ್ಟು. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಿಮ್ಮ ಅತ್ತೆಯವರು ಹೇಳುವ ಮರದ ನೂಕುಗಾಡಿ ಇದಕ್ಕೆ ತದ್ವಿರುದ್ಧವಾದದ್ದು. ಅದರಲ್ಲಿ ಮಗು ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ, ಕೈಬಿಟ್ಟರೆ ಕೂರುತ್ತದೆ. ನಿಮ್ಮ ಮಗನ ಈಗಿನ ಹಂತಕ್ಕೆ ಅದೂ ಒಳ್ಳೆಯದೇ.

ನಿವೃತ್ತ ಶಿಕ್ಷಕ, ಬಸವಕಲ್ಯಾಣ

ಫಿಸಿಯೋಥೆರಪಿಸ್ಟ್ ಮೇಡಂ ಅವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಒಂದು ತಕರಾರು. ನಾವೆಲ್ಲ ಅಂಗಡಿಯ ಗಾಡಿಯಿಲ್ಲದೆ ಬೆಳೆದವರು. ನಾಗರ ಪಂಚಮಿ ಬಂದರೆ ಬೇವಿನ ಮರಕ್ಕೆ ಜೋಕಾಲಿ, ಸುಗ್ಗಿಯಾದ ಮೇಲೆ ಜೋಳದ ದಂಟು ಸೀಳಿ ಮಾಡಿದ ಬಂಡಿ, ಸ್ವಲ್ಪ ದೊಡ್ಡವರಾದ ಮೇಲೆ ಹಲಗೆಗೆ ಮೂರು ಹಳೆಯ ಬೇರಿಂಗ್ ಬಡಿದು ಇಳಿಜಾರಿನಲ್ಲಿ ಬಿಡುತ್ತಿದ್ದ ಬೇರಿಂಗ್ ಗಾಡಿ. ಒಳಕಿವಿಗೆ ಬೇಕಾದ ತೂಗಾಟವೂ ಕಾಲಿಗೆ ಬೇಕಾದ ದುಡಿಮೆಯೂ ಅವುಗಳಿಂದಲೇ ದೊರೆಯುತ್ತಿರಲಿಲ್ಲವೆ? ಈಗ ಎಲ್ಲದಕ್ಕೂ ಒಂದು ವಸ್ತು ಕೊಳ್ಳಬೇಕೆಂಬ ಹಂಬಲ ಹುಟ್ಟಿರುವುದು ಮಗುವಿಗಾಗಿಯೋ ವ್ಯಾಪಾರಕ್ಕಾಗಿಯೋ ಎಂಬ ಸಂಶಯ ನನಗೆ.

ಮಕ್ಕಳ ಫಿಸಿಯೋಥೆರಪಿಸ್ಟ್, ಕಲಬುರಗಿ

ಗುರುಗಳೆ, ಜೋಕಾಲಿಯ ವಿಷಯದಲ್ಲಿ ನಿಮ್ಮ ಮಾತು ಅಕ್ಷರಶಃ ನಿಜ. ಗಾಡಿ ಅನಿವಾರ್ಯವೆಂದು ನಾನೆಂದೂ ಹೇಳುವುದಿಲ್ಲ. ಅಂಗಳವಿರುವ ಮನೆಯ ಮಗು ದಿನವಿಡೀ ಹತ್ತಿಳಿದು ಓಡಾಡಿಕೊಂಡಿದ್ದರೆ ಅದಕ್ಕೆ ಯಾವ ಗಾಡಿಯ ಹಂಗೂ ಇಲ್ಲ. ಆದರೆ ಇಂದು ಕಲಬುರಗಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಒಳಗೇ ಇರುವ ಮಗುವಿನ ಪಾಡೇನು? ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು 180 ನಿಮಿಷವಾದರೂ ಮೈ ಆಡಿಸಬೇಕು, ಒಂದೇ ಸಮ ಒಂದು ಗಂಟೆಗಿಂತ ಹೆಚ್ಚು ಕಾಲ ಕುರ್ಚಿಗೋ ಕೈಗಾಡಿಗೋ ಕಟ್ಟಿಹಾಕಿದಂತೆ ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಮೊಬೈಲಿನ ಮುಂದೆ ಕೂರಿಸುವುದಕ್ಕಿಂತ ಪಡಸಾಲೆಯಲ್ಲಿ ಗಾಡಿ ಓಡಿಸುವುದು ಆ 180 ನಿಮಿಷಗಳನ್ನು ತುಂಬಲು ಒಂದು ದಾರಿ, ಅಷ್ಟೇ.

ಇಬ್ಬರು ಮಕ್ಕಳ ತಂದೆ, ಬೀದರ್

ಬ್ಯಾಟರಿ ಕಾರಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ದೊಡ್ಡ ಮಗಳ ಎರಡನೆಯ ಹುಟ್ಟುಹಬ್ಬಕ್ಕೆ ಸಂಬಳದ ಸಾಕಷ್ಟು ಪಾಲು ಸುರಿದು ತಂದೆ. ಮೊದಲ ವಾರ ಓಣಿಯ ಮಕ್ಕಳೆಲ್ಲ ಸೇರಿದರು. ಮಗಳು ಸೀಟಿನಲ್ಲಿ ಕೂರುತ್ತಿದ್ದಳು, ರಿಮೋಟ್ ನನ್ನ ಕೈಯಲ್ಲಿ ಇರುತ್ತಿತ್ತು. ನಿಜ ಹೇಳಬೇಕೆಂದರೆ ಆಡುತ್ತಿದ್ದವನು ನಾನು. ಎರಡನೆಯ ತಿಂಗಳಿಗೆ ಬ್ಯಾಟರಿ ಚಾರ್ಜ್ ಹಿಡಿಯಲಿಲ್ಲ, ಮಾರಿದ ಅಂಗಡಿಯವರು ಕೈಚೆಲ್ಲಿದರು. ಆಗ ಚಿಕ್ಕವನು ಅದನ್ನು ಹಿಂದಿನಿಂದ ನೂಕಲು ತೊಡಗಿದ. ಸತ್ತ ಬ್ಯಾಟರಿಯ ಕಾರನ್ನು ಅವನು ನೂಕಿದಷ್ಟು ಸಂತೋಷವನ್ನು ಓಡುವ ಕಾರಿನಲ್ಲಿ ಅವನ ಅಕ್ಕ ಪಟ್ಟಿದ್ದು ನನಗೆ ನೆನಪಿಲ್ಲ.

ಮನಃಶಾಸ್ತ್ರದ ಉಪನ್ಯಾಸಕಿ, ಕಲಬುರಗಿ

ಬೀದರಿನ ಅಣ್ಣನವರ ಅನುಭವಕ್ಕೆ ಹೊಂದುವ ಹಳೆಯ ಪ್ರಯೋಗವೊಂದನ್ನು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ. 1963ರಲ್ಲಿ ಅಮೆರಿಕದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿ ಜೋಡಿಯಾಗಿ ರಾಟೆಯಂಥ ಒಂದು ಯಂತ್ರಕ್ಕೆ ಕಟ್ಟಿದರು. ಒಂದು ಮರಿ ತನ್ನ ಕಾಲಲ್ಲಿ ತಾನೇ ನಡೆಯುತ್ತಿತ್ತು. ಅದು ನಡೆದಂತೆ ಇನ್ನೊಂದು ಮರಿ ತೊಟ್ಟಿಲಿನಂಥ ಬುಟ್ಟಿಯಲ್ಲಿ ಕೂತು ಸುತ್ತುತ್ತಿತ್ತು. ಎರಡಕ್ಕೂ ಕಂಡ ನೋಟ ಒಂದೇ. ಆದರೆ ಬುಟ್ಟಿಯಲ್ಲಿ ಕೂತು ಸುತ್ತಿದ ಮರಿಗೆ ಆಳವನ್ನು ಅಳೆದು ಹೆಜ್ಜೆ ಇಡುವುದಾಗಲಿ, ಎದುರು ಬಂದ ವಸ್ತುವಿಗೆ ಕಣ್ಣು ಮಿಟುಕಿಸುವುದಾಗಲಿ ಸರಿಯಾಗಿ ಬರಲಿಲ್ಲ. ಅದನ್ನು ಬೆಳಕಿನಲ್ಲಿ ಸ್ವತಂತ್ರವಾಗಿ ಓಡಾಡಲು ಬಿಟ್ಟ ಮೇಲೆ ಆ ಕೊರತೆ ಬೇಗನೆ ತುಂಬಿತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಈ ಕಥೆ ತಂದೆತಾಯಂದಿರನ್ನು ಹೆದರಿಸುವ ಆಯುಧವಾಗುತ್ತದೆ. ಬ್ಯಾಟರಿ ಕಾರಿನಲ್ಲಿ ಅರ್ಧ ಗಂಟೆ ಕೂತ ಮಗುವಿಗೆ ಹಾನಿಯೇನೂ ಆಗದು. ಕಣ್ಣಿಗೆ ಕಂಡದ್ದು ಕಾಲಿನ ದುಡಿಮೆಯೊಂದಿಗೆ ಕೂಡಿಕೊಳ್ಳದೆ ಹೋದರೆ ಆ ಅರ್ಧ ಗಂಟೆಯ ಕಲಿಕೆ ತೆಳುವಾಗುತ್ತದೆ ಎಂಬಷ್ಟನ್ನು ನಾವು ಊಹಿಸಬಹುದು.

ಸಣ್ಣ ಮಕ್ಕಳಲ್ಲೂ ಇಂಥದ್ದನ್ನು ಕಂಡಿದ್ದಾರೆ. ಎತ್ತರದ ಅಂಚಿನ ಭಯ ಮಗುವಿಗೆ ವಯಸ್ಸಿನಿಂದಷ್ಟೇ ಬರುವುದಿಲ್ಲ, ತಾನೇ ಅಂಬೆಗಾಲಿಟ್ಟು ಓಡಾಡಿದ ಅನುಭವದಿಂದ ಬಲವಾಗುತ್ತದೆ ಎಂಬುದು ಜೋಸೆಫ್ ಕ್ಯಾಂಪೋಸ್ ಮತ್ತು ಅವರ ಸಂಗಡಿಗರ ಅಧ್ಯಯನಗಳ ಸಾರ.

ವಿಶೇಷ ಅಗತ್ಯವುಳ್ಳ ಮಗುವಿನ ತಾಯಿ, ಶಹಾಪುರ

ಇಷ್ಟು ಓದಿದ ಮೇಲೆ ನಾನು ಸುಮ್ಮನಿರಲಾರೆ. ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ, ಇದೆ. ನಾಲ್ಕು ವರ್ಷವಾದರೂ ಕಾಲುಗಳು ಬಿಗಿದುಕೊಂಡೇ ಇರುತ್ತವೆ. ನೆಲ ಒದೆಯುವ ಗಾಡಿ ಅವಳ ಪಾಲಿಗೆ ಇಲ್ಲ. ನೀವೆಲ್ಲ ಸೋಮಾರಿತನದ ಆಟಿಕೆ ಎಂಬಂತೆ ಮಾತಾಡುತ್ತಿರುವ ಬ್ಯಾಟರಿ ಕಾರೇ ಅವಳಿಗೆ ಜೀವನದಲ್ಲಿ ಮೊದಲ ಬಾರಿ ತನ್ನಿಷ್ಟದಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಅವಕಾಶ ಕೊಟ್ಟದ್ದು. ಕಾಲಲ್ಲಿ ಒತ್ತುವ ಸ್ವಿಚ್ ತೆಗೆಸಿ, ಅಂಗೈಯಗಲದ ದೊಡ್ಡ ಗುಂಡಿಯನ್ನು ಹ್ಯಾಂಡಲಿನ ಮೇಲೆ ಕೂರಿಸಲು ಊರಿನ ಎಲೆಕ್ಟ್ರಿಷಿಯನ್ ಒಬ್ಬರಿಗೆ ಕೇಳಿಕೊಂಡೆವು. ಸೀಟಿನ ಎರಡು ಬದಿಗೆ ಗಟ್ಟಿ ಸ್ಪಂಜನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದೆವು. ರಿಮೋಟನ್ನು ಕಪಾಟಿನಲ್ಲಿ ಇಟ್ಟುಬಿಟ್ಟೆವು. ಗುಂಡಿ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂಬುದು ಅವಳಿಗೆ ತಿಳಿಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ನಾನು ಒಲೆಯ ಮುಂದೆ ಇದ್ದಾಗ ಬೆನ್ನ ಹಿಂದೆ ಬಂದು ನಿಂತಿದ್ದಳು, ಅಲ್ಲಿಯವರೆಗೆ ಅವಳ ಬಳಿಗೆ ಹೋಗುತ್ತಿದ್ದವಳು ಯಾವಾಗಲೂ ನಾನೇ.

ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಕೋಲ್ ಗ್ಯಾಲೊವೇ ಎಂಬುವರು ಗೋ ಬೇಬಿ ಗೋ ಎಂಬ ಹೆಸರಿನಲ್ಲಿ ಅಂಗಡಿಯ ಸಾಮಾನ್ಯ ಆಟಿಕೆ ಕಾರುಗಳನ್ನೇ ಹೀಗೆ ಮಾರ್ಪಡಿಸಿ ಚಲನೆಯ ತೊಂದರೆಯಿರುವ ಮಕ್ಕಳಿಗೆ ಕೊಡುವ ಕೆಲಸವನ್ನು ಆರಂಭಿಸಿದರು ಎಂದು ನಮ್ಮ ಥೆರಪಿಸ್ಟ್ ಹೇಳಿ ತಿಳಿಯಿತು.

ಮಕ್ಕಳ ಫಿಸಿಯೋಥೆರಪಿಸ್ಟ್, ಕಲಬುರಗಿ

ಅಕ್ಕ, ನಿಮ್ಮ ಮಾತಿನ ಮುಂದೆ ನನ್ನ ಪ್ರಶ್ನೆಯನ್ನೇ ತಿದ್ದಿಕೊಳ್ಳುತ್ತೇನೆ. ದುಡಿದವರು ಯಾರು ಎಂಬುದಕ್ಕಿಂತ, ಹೋಗಬೇಕೆಂದು ತೀರ್ಮಾನಿಸಿದವರು ಯಾರು ಎಂದು ಕೇಳಬೇಕಿತ್ತು. ನೀವು ರಿಮೋಟನ್ನು ಕಪಾಟಿನಲ್ಲಿಟ್ಟದ್ದೇ ಇಡೀ ಚಿಕಿತ್ಸೆಯ ತಿರುಳು.

ಅಂಗನವಾಡಿ ಕಾರ್ಯಕರ್ತೆ, ಯಾದಗಿರಿ ತಾಲೂಕು

ನಮ್ಮ ಕೇಂದ್ರಕ್ಕೆ ದಾನಿಯೊಬ್ಬರು ಕೊಟ್ಟ ಒದೆಯುವ ಗಾಡಿ ಒಂದೇ ಒಂದು, ಮಕ್ಕಳು ಹದಿನೆಂಟು. ಮೊದಲ ದಿನ ಕೂದಲು ಹಿಡಿದು ಜಗಳವಾಯಿತು. ಈಗ ನೆಲದ ಮೇಲೆ ಸೀಮೆಸುಣ್ಣದಿಂದ ಹಾದಿ ಬರೆದು, ಈ ತುದಿಯಿಂದ ಆ ತುದಿಗೆ ಹೋಗಿ ಬಂದವರು ಮುಂದಿನವರ ಹೆಸರು ಕೂಗಿ ಗಾಡಿ ಕೊಡಬೇಕೆಂದು ಮಾಡಿದ್ದೇನೆ. ತನ್ನ ಸರದಿಗಾಗಿ ಕಾಯುವುದು ಮೂರು ವರ್ಷದ ಮಗುವಿಗೆ ಸುಲಭದ್ದಲ್ಲ. ಆದರೆ ಗಾಡಿ ಎಲ್ಲಿಗೆ ಹೋಗಿ ಎಲ್ಲಿ ತಿರುಗುತ್ತದೆ ಎಂಬುದು ಕಣ್ಣಿಗೆ ಕಾಣುವುದರಿಂದ ಕಾಯುವಿಕೆಗೂ ಒಂದು ಅಳತೆ ಸಿಗುತ್ತದೆ.

ಮಾತಿನ ಬೆಳವಣಿಗೆಯನ್ನು ಯಾರೂ ಪ್ರಸ್ತಾಪಿಸಲಿಲ್ಲ. ನಮ್ಮಲ್ಲಿ ಮನೆಯಲ್ಲಿ ಕನ್ನಡ, ಉರ್ದು, ತೆಲುಗು ಮಾತನಾಡುವ ಮೂರೂ ಬಗೆಯ ಮಕ್ಕಳಿದ್ದಾರೆ. ಮುಂದೆ, ಹಿಂದೆ, ಒಳಗೆ, ಹೊರಗೆ, ನಿಲ್ಲು, ಸರಿ, ಜೋರಾಗಿ, ಮೆಲ್ಲಗೆ ಎಂಬ ಮಾತುಗಳನ್ನು ಚಿತ್ರ ತೋರಿಸಿ ಕಲಿಸಲು ನಾನು ವಾರಗಟ್ಟಲೆ ಹೆಣಗಿದ್ದೆ. ಗಾಡಿಯ ಮೇಲೆ ಕೂತ ಮಗುವಿಗೆ ಅವು ಒಂದೆರಡು ದಿನದಲ್ಲಿ ಬಂದವು, ಏಕೆಂದರೆ ಹಿಂದೆ ಎಂದಾಗ ಅದು ತಾನೇ ಹಿಂದೆ ಹೋಗುತ್ತಿತ್ತು. ಆಮೇಲೆ ಆ ಗಾಡಿ ಬಸ್ಸಾಯಿತು. ಒಬ್ಬಳು ಕಂಡಕ್ಟರ್, ಟಿಕೆಟಿಗೆ ಬೇವಿನ ಎಲೆ, ಗೋಡೆಯ ಮೂಲೆ ಸುರಪುರ. ಎರಡೂವರೆ ವರ್ಷದವರೆಗೆ ಗಾಡಿ ಬರೀ ಗಾಡಿಯಾಗಿರುತ್ತದೆ, ಆಮೇಲೆ ಅದು ಏನು ಬೇಕಾದರೂ ಆಗುತ್ತದೆ ಎಂಬುದನ್ನು ನಾನು ಪುಸ್ತಕದಿಂದಲ್ಲ, ಈ ಮಕ್ಕಳಿಂದ ಕಲಿತೆ.

ತಾಯಂದಿರಿಗೆ ಒಂದು ಕೋರಿಕೆ. ತಾಯಿ ಕಾರ್ಡಿನಲ್ಲಿ ತಿಂಗಳಿಗೆ ತಕ್ಕಂತೆ ಮಗು ಏನು ಮಾಡಬೇಕು ಎಂಬ ಚಿತ್ರಗಳಿವೆ, ಅವನ್ನು ನೋಡಿ. 18 ತಿಂಗಳಾದರೂ ನಡೆಯದ, ಒಂದೇ ಕಾಲಿನಿಂದ ಸದಾ ಒದೆಯುವ, ಒಂದು ಕೈಯನ್ನು ಯಾವಾಗಲೂ ಮುಷ್ಟಿ ಹಿಡಿದಿರುವ ಮಗುವಿಗೆ ಹೊಸ ಗಾಡಿ ಔಷಧವಲ್ಲ. ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಕ್ಕೆ ತೋರಿಸಿದರೆ ಅವರು ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತಾರೆ.

ಬಡಿಗತನದವನು, ಹುಮನಾಬಾದ್

ಶರಣಾರ್ಥಿ. ನಾನು ಮಕ್ಕಳ ಗಾಡಿಗಳನ್ನು ಮಾಡುವವನು, ಆದ್ದರಿಂದ ಅಳತೆಯ ವಿಷಯವನ್ನಷ್ಟೇ ಹೇಳುತ್ತೇನೆ. ಮಗುವನ್ನು ಗೋಡೆಗೆ ನಿಲ್ಲಿಸಿ ಹಿಮ್ಮಡಿಯಿಂದ ತೊಡೆಸಂದಿಯವರೆಗೆ ಅಳೆಯಿರಿ. ಸೀಟು ಅದಕ್ಕಿಂತ ಒಂದೆರಡು ಅಂಗುಲ ತಗ್ಗಿರಬೇಕು; ಕೂತಾಗ ಎರಡು ಅಂಗಾಲುಗಳೂ ಪೂರ್ತಿ ನೆಲಕ್ಕೆ ತಾಗಿ ಮೊಣಕಾಲು ಸ್ವಲ್ಪ ಬಾಗಿರಬೇಕು. ಬೆಳೆಯುವ ಮಗು ತಾನೆ ಎಂದು ಒಂದು ಸೈಜು ದೊಡ್ಡದನ್ನು ತರುವುದು ಅಂಗಿಗೆ ಸರಿ, ಗಾಡಿಗೆ ತಪ್ಪು, ಏಕೆಂದರೆ ಬೆರಳ ತುದಿಯಷ್ಟೇ ತಾಗಿದರೆ ಮಗು ಒದೆಯಲೂ ಆಗದೆ ಇಳಿಯಲೂ ಆಗದೆ ಕೂತುಬಿಡುತ್ತದೆ.

ನೂಕುಗಾಡಿಗೆ ಭಾರ ಬೇಕು. ಜಾತ್ರೆಯಲ್ಲಿ ಸಿಗುವ ಹಗುರ ಗಾಡಿ ಶಹಾಬಾದ್ ಫರಸಿಯ ಮೇಲೆ ಮಗುವಿಗಿಂತ ಮುಂದೆ ಓಡಿ ಅದನ್ನು ಮಕಾಡೆ ಬೀಳಿಸುತ್ತದೆ. ಕೆಳಗಿನ ಹಲಗೆಗೆ ಒಂದೆರಡು ಸೇರು ತೊಗರಿಬೇಳೆಯ ಗಂಟು ಕಟ್ಟಿದರೆ ನಿಂತ ಹಾಗೆ ನಡೆಯುತ್ತದೆ. ಗಾಲಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಜಾರುವುದು ಕಡಿಮೆ, ಸದ್ದೂ ಕಡಿಮೆ. ಮನೆಯೊಳಗೆ ಮಗು ಬರಿಗಾಲಲ್ಲೇ ಇರಲಿ, ಕಾಲುಚೀಲ ಹಾಕಿದರೆ ಫರಸಿಯ ಮೇಲೆ ಹಿಡಿತವೇ ಸಿಗದು. ಕೊರಳ ತಾಯತದ ದಾರವನ್ನು ಸವಾರಿಯ ಹೊತ್ತಿನಲ್ಲಿ ತೆಗೆದಿಡಿ, ಹ್ಯಾಂಡಲಿಗೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಗಾಡಿಯನ್ನು ಮಧ್ಯಾಹ್ನ ಮಾಳಿಗೆಯ ಮೇಲೆ ಬಿಟ್ಟರೆ ಸೀಟು ತೊಡೆಯನ್ನು ಸುಡುತ್ತದೆ, ಎರಡು ಬೇಸಿಗೆಗೆ ಬಿರಿಯುತ್ತದೆ.

ಅಂಗಡಿಯ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ, ಅದನ್ನು ನೋಡಿಯೇ ಕೊಳ್ಳಿ. ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ನಮ್ಮಂಥ ಕೈಕೆಲಸದವರಿಗೆ ಅದರಿಂದ ವಿನಾಯಿತಿ ಇದೆ. ಹಾಗಾಗಿ ನಮ್ಮ ಬಳಿ ಕೊಳ್ಳುವವರು ಯಾವ ಬಣ್ಣ ಬಳಿದಿದ್ದೀರಿ, ಮೂಲೆಗಳನ್ನು ಉಜ್ಜಿದ್ದೀರಾ ಎಂದು ಬಾಯಿಬಿಟ್ಟು ಕೇಳಬೇಕು. ಕೇಳಿದರೆ ನಮಗೇನೂ ಬೇಸರವಿಲ್ಲ.

ಜೇವರ್ಗಿ ರಸ್ತೆಯ ತಾಯಿ, ಕಲಬುರಗಿ

ಉತ್ತರಿಸಿದ ಎಲ್ಲರಿಗೂ ಋಣಿ. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ವಾಕರ್ ಪಕ್ಕದ ಮನೆಯಲ್ಲೇ ಉಳಿಯಿತು. ತಮ್ಮನಿಗೆ ಈ ಚರ್ಚೆಯನ್ನು ಓದಿಸಿದೆ. ಅರ್ಧ ಮುನಿಸಿನಿಂದಲೇ ಒದೆಯುವ ಗಾಡಿ ತಂದುಕೊಟ್ಟ, ಉಳಿದ ದುಡ್ಡಿಗೆ ಮೂರನೆಯ ವರ್ಷಕ್ಕೆ ಸೈಕಲ್ ಎಂದು ಈಗಲೇ ಘೋಷಿಸಿದ್ದಾನೆ. ಅತ್ತೆಯವರ ಮರದ ಗಾಡಿಯೂ ಬಂದಿದೆ, ಬೇಳೆಯ ಗಂಟಿನ ಸಮೇತ.

ಮಗ ಮೊದಲ ವಾರ ಗಾಡಿಯ ಮೇಲೆ ಕೂರಲೇ ಇಲ್ಲ. ಅದನ್ನು ಮಗುಚಿ ಹಾಕಿ ಗಾಲಿ ತಿರುಗಿಸುತ್ತ ಕೂತಿರುತ್ತಿದ್ದ. ಎರಡನೆಯ ವಾರ ಮೇಡಂ ಹೇಳಿದಂತೆ ಹಿಂದಕ್ಕೆ ಹಿಂದಕ್ಕೆ ಸರಿದು ದಿವಾನದ ಕೆಳಗೆ ಸಿಕ್ಕಿಕೊಂಡ. ಅತ್ತೆಯವರು ಎದ್ದರು, ನಾನು ಅವರ ಕೈ ಹಿಡಿದು ಕೂರಿಸಿದೆ. ಅವರು ಬೈದರು, ಅವನು ಅತ್ತ, ಆಮೇಲೆ ತಾನೇ ಇಳಿದು ಹೊರಬಂದ, ಗಾಡಿಯನ್ನು ಮಾತ್ರ ಅಲ್ಲೇ ಬಿಟ್ಟ. ನಿನ್ನೆ ಸಂಜೆ ಮೊದಲ ಬಾರಿ ಮುಂದಕ್ಕೆ ಬಂದ, ಸರಿಯಾಗಿ ಒಂದು ಫರಸಿಯಷ್ಟು ದೂರ.

ಹುಮನಾಬಾದಿನ ಅಣ್ಣನವರಲ್ಲಿ ಒಂದು ಕೇಳಿಕೆ. ಮೆಟ್ಟಿಲಿರುವ ಬಾಗಿಲಿಗೆ ಅಡ್ಡ ಹಾಕಲು ಮೂರೂವರೆ ಅಡಿ ಅಗಲದ, ತೆಗೆದಿಡಬಹುದಾದ ಮರದ ತಡೆಬಾಗಿಲು ಬೇಕಾಗಿದೆ. ಹೊಸ್ತಿಲ ಮುಂದೆ ಈಗ ಜೋಳದ ಚೀಲ ಇಟ್ಟಿದ್ದೇವೆ, ಅವನು ಅದನ್ನು ಹತ್ತಲು ಕಲಿಯುತ್ತಿದ್ದಾನೆ.